ಕಾರು ತಗ್ಗಿತು, ಚಕ್ರ ಸರಿಯಿತು

ನೋವು ಕಾಣಿಸಿಕೊಳ್ಳುವ ಸ್ಥಳವೇ ಒಂದು, ನೋವಿನ ಮೂಲವಿರುವ ಸ್ಥಳವೇ ಇನ್ನೊಂದು. ಕಾಲು ಸೆಳೆಯುತ್ತದೆಯೆಂದು ಬಂದವನ ಬೆನ್ನುಮೂಳೆಯನ್ನು ಒತ್ತಿ ನೋಡುವ ವೈದ್ಯನಿಗೆ ಈ ಸತ್ಯ ಗೊತ್ತು. ಮೋಟಾರು ಕಾರಿನ ವಿಷಯದಲ್ಲಿಯೂ ಇದು ಅಷ್ಟೇ ದಿಟ. ಆದರೆ ಕಾರನ್ನು ಪ್ರೀತಿಸುವವರಲ್ಲಿ ವೈದ್ಯನ ತಾಳ್ಮೆಯುಳ್ಳವರು ವಿರಳ.

ಬೆಂಗಳೂರಿನ ಯಾವುದೋ ಬಡಾವಣೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಬಹುಕಾಲ ಓಡಿಸಿದ ಹಳೆಯ ವ್ಯಾಗನ್ ಆರ್ ಕಾರು ಈಗ ಮಗನ ಪಾಲಿಗೆ ಬಂದಿದೆ. ಮಗನಿಗೆ ಹೊಸ ಸಂಬಳ, ಹೊಸ ಹುರುಪು. ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿ ಕಾರನ್ನು 50 ಮಿಲಿಮೀಟರಿನಷ್ಟು ತಗ್ಗಿಸಿದ್ದಾನೆ. ಅಗಲವಾದ ಹೊಸ ಚಕ್ರಗಳನ್ನೂ ತೊಡಿಸಿದ್ದಾನೆ. ಭಾನುವಾರ ಬೆಳಗ್ಗೆ ಅಂಗಳದಲ್ಲಿ ನಿಂತ ಕಾರನ್ನು ಹಿಂದಿನಿಂದ ನೋಡುತ್ತಿದ್ದ ತಂದೆ ಪತ್ರಿಕೆಯನ್ನು ಮಡಿಸಿ ಕೇಳುತ್ತಾರೆ:

“ಏನೋ ಇದು, ಎಡಗಡೆ ಚಕ್ರ ಹೊರಗೆ ಬಂದಿದೆ, ಬಲಗಡೇದು ಒಳಗೆ ಹೋಗಿದೆಯಲ್ಲೋ?”

ಮಗ ಬಗ್ಗಿ ನೋಡುತ್ತಾನೆ. ಮಾತು ನಿಜ. ಎಡಗಡೆಯ ಟೈರು ಮಡ್‌ಗಾರ್ಡಿನ ಅಂಚಿಗೆ ಬಂದು ನಿಂತಿದೆ. ಬಲಗಡೆ ಒಂದು ಬೆರಳು ತೂರುವಷ್ಟು ಎಡೆಯಿದೆ. ಆ ಕ್ಷಣದಲ್ಲಿ ಅವನ ಮನಸ್ಸಿಗೆ ಹೊಳೆಯುವುದು ಒಂದೇ: ಚಕ್ರ ಮಾರಿದ ಅಂಗಡಿಯವನು ಮೋಸಮಾಡಿದ್ದಾನೆ. ಒಳಹೋಗಿರುವ ಚಕ್ರದ ಹಿಂದೆ ಒಂದು ಸ್ಪೇಸರ್ ಬಿಲ್ಲೆಯನ್ನು ಸೇರಿಸಿ ಹೊರಕ್ಕೆ ತಂದರೆ ಎರಡು ಕಡೆಯೂ ಸಮವಾಗುತ್ತದೆ ಎಂಬ ಉಪಾಯವೂ ಕೂಡಲೇ ಸಿದ್ಧ. ಮುಂದಿನ ವಾರ ಮನೆಯವರೆಲ್ಲ ಅದೇ ಕಾರಿನಲ್ಲಿ ಮೇಲುಕೋಟೆಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ ಅಜ್ಜಿ, ತಾಯಿ, ತಂಗಿ. ಡಿಕ್ಕಿಯಲ್ಲಿ ಸಾಮಾನು.

ಈ ಉಪಾಯ ತಪ್ಪು. ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ಕಾರಿನ ಅಡಿಯಲ್ಲಿ ಏನಿದೆಯೆಂದು ನೋಡಬೇಕು.

ಅಚ್ಚು ಮತ್ತು ಅಡ್ಡಸರಳು

ಎತ್ತಿನ ಗಾಡಿಯನ್ನು ಕಂಡವರಿಗೆ ಅಚ್ಚು ಎಂದರೇನೆಂದು ಹೇಳಬೇಕಾಗಿಲ್ಲ. ಎರಡು ಗಾಲಿಗಳನ್ನು ಕೂಡಿಸುವ ಗಟ್ಟಿ ದಂಡ ಅದು. ಅನೇಕ ಮೋಟಾರುಗಳ ಹಿಂಭಾಗದಲ್ಲಿಯೂ ಇಂತಹುದೇ ಅಖಂಡವಾದ ಅಚ್ಚು ಇರುತ್ತದೆ. ಗಾಡಿಯಲ್ಲಿ ಅಚ್ಚನ್ನು ಮರದ ಚೌಕಟ್ಟಿಗೆ ಬಿಗಿದು ಕಟ್ಟುತ್ತಾರೆ, ಕಾರಿನಲ್ಲಿ ಹಾಗಲ್ಲ. ಹಳ್ಳ ದಿಣ್ಣೆಗಳಿಗೆ ತಕ್ಕಂತೆ ಅಚ್ಚು ಮೇಲಕ್ಕೂ ಕೆಳಕ್ಕೂ ಆಡಬೇಕು. ಆದುದರಿಂದ ಅದರ ಮತ್ತು ಮೈಯ ನಡುವೆ ಸುರುಳಿ ಸ್ಪ್ರಿಂಗುಗಳಿರುತ್ತವೆ. ಸುರುಳಿ ಸ್ಪ್ರಿಂಗು ಭಾರವನ್ನು ಹೊರಬಲ್ಲುದೇ ಹೊರತು ಅಚ್ಚು ಎಡಕ್ಕೋ ಬಲಕ್ಕೋ ಜಾರದಂತೆ ಹಿಡಿಯಲಾರದು. ಆ ಕೆಲಸಕ್ಕಾಗಿಯೇ ಕಾರಿನ ಅಗಲಕ್ಕೆ ಅಡ್ಡಲಾಗಿ ಒಂದು ಸರಳನ್ನು ಇಡುತ್ತಾರೆ. ಅದರ ಒಂದು ತುದಿ ಕಾರಿನ ಮೈಗೆ, ಇನ್ನೊಂದು ತುದಿ ಅಚ್ಚಿಗೆ. ಎರಡು ತುದಿಗಳಲ್ಲಿಯೂ ರಬ್ಬರಿನ ಬುಷ್ಷು. ಫ್ರಾನ್ಸಿನ ಹಳೆಯ ಮೋಟಾರು ಸಂಸ್ಥೆಯೊಂದರ ಹೆಸರಿನಿಂದ ಇದಕ್ಕೆ ಪ್ಯಾನ್‌ಹಾರ್ಡ್ ರಾಡ್ ಎಂಬ ಹೆಸರು ಬಂದಿದೆ. ಲ್ಯಾಟರಲ್ ರಾಡ್ ಎಂದೂ ಕರೆಯುವುದುಂಟು.

ಹಳೆಯ ವ್ಯಾಗನ್ ಆರ್ ಇಂತಹ ಸರಳನ್ನುಳ್ಳ ಕಾರು. 1993ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಈ ಕಾರು 1999ರ ಕೊನೆಗೆ ಭಾರತಕ್ಕೆ ಬಂದಿತು. ಕಾರನ್ನು ತಗ್ಗಿಸುವ ಹವ್ಯಾಸ ಬೇರೂರಿರುವ ದೇಶಗಳಲ್ಲಿ ಜಪಾನು ಒಂದು. 1983ರಿಂದ 1987ರವರೆಗೆ ಟೊಯೋಟಾ ಸಂಸ್ಥೆ ತಯಾರಿಸಿದ ‘ಎಇ86’ ಸಂಕೇತದ ಕೊರೊಲಾ ಕಾರು ಅಲ್ಲಿನ ತರುಣರ ಆರಾಧ್ಯದೈವ. ವಾರಪತ್ರಿಕೆಯೊಂದರಲ್ಲಿ 1995ರಿಂದ ಧಾರಾವಾಹಿಯಾಗಿ ಬಂದ ಚಿತ್ರಕಥೆಯೊಂದು ಅದನ್ನು ಜಗತ್ತಿಗೇ ಪರಿಚಯಿಸಿತು. ಆ ಕಾರಿನ ಹಿಂದೆಯೂ ಅಖಂಡ ಅಚ್ಚು, ಅಡ್ಡಸರಳು. ಅಮೆರಿಕೆಯ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ 2005ರಿಂದ 2014ರ ಮಾದರಿಯವರೆಗೆ ಇದೇ ಏರ್ಪಾಡು. ಈ ಮೂರನ್ನೂ ತಗ್ಗಿಸಿದವರಿಗೆ ಎದುರಾಗುವ ತೊಡಕು ಒಂದೇ: ಒಂದು ಹಿಂಚಕ್ರ ಹೊರಗೆ, ಇನ್ನೊಂದು ಒಳಗೆ.

ಏತದ ಮರದ ನ್ಯಾಯ

ಹಳ್ಳಿಯ ಬಾವಿಯ ಬಳಿಯ ಏತವನ್ನು ನೆನೆದರೆ ಕಾರಣ ಸ್ಪಷ್ಟವಾಗುತ್ತದೆ. ಏತದ ಮರ ಒಂದು ಕಡೆ ಆತುಕೊಂಡು ತೂಗುತ್ತದೆ. ಅದರ ತುದಿ ಮೇಲಿನಿಂದ ಕೆಳಕ್ಕೆ ಬರುವಾಗ ನೆಟ್ಟಗೆ ಬರುವುದಿಲ್ಲ. ಬಿಲ್ಲಿನಂತೆ ಬಾಗಿ ಬರುತ್ತದೆ. ಮರ ನೆಲಕ್ಕೆ ಸಮನಾಗಿ ಮಲಗಿದಾಗ ತುದಿ ಬುಡದಿಂದ ಅತ್ಯಂತ ದೂರದಲ್ಲಿರುತ್ತದೆ; ಮೇಲೆದ್ದಾಗಲೂ ಕೆಳಗಿಳಿದಾಗಲೂ ಹತ್ತಿರಕ್ಕೆ ಸರಿಯುತ್ತದೆ. ಕಾರಿನ ಅಡ್ಡಸರಳಿನ ಸ್ವಭಾವವೂ ಇದೇ. ತಯಾರಕರು ಗೊತ್ತುಪಡಿಸಿದ ಎತ್ತರದಲ್ಲಿ ಅಚ್ಚು ನಡುವೆ ನಿಲ್ಲುವಂತೆ ಸರಳಿನ ಉದ್ದವನ್ನು ಲೆಕ್ಕಹಾಕಿರುತ್ತಾರೆ. ಎತ್ತರವನ್ನು ಬದಲಿಸಿದೊಡನೆ ಆ ಲೆಕ್ಕ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ? ಒಂದು ಉದಾಹರಣೆ: ಸರಳಿನ ಉದ್ದ 1000 ಮಿಲಿಮೀಟರು. ಕಾರಿನ ಮೈಗೆ ಸೇರಿದ ತುದಿ ಅಚ್ಚಿಗೆ ಸೇರಿದ ತುದಿಗಿಂತ 120 ಮಿಲಿಮೀಟರು ಮೇಲಿದೆ ಎನ್ನೋಣ. ಆಗ ಎರಡು ತುದಿಗಳ ಅಡ್ಡ ಅಂತರ ಸುಮಾರು 992.8 ಮಿಲಿಮೀಟರು. ಕಾರನ್ನು 50 ಮಿಲಿಮೀಟರು ತಗ್ಗಿಸಿದರೆ ಮೇಲಿನ ತುದಿ ಇಳಿದು ವ್ಯತ್ಯಾಸ 70ಕ್ಕೆ ಬರುತ್ತದೆ. ಅಡ್ಡ ಅಂತರ 997.5ಕ್ಕೆ ಏರುತ್ತದೆ. ಅಂದರೆ ಅಚ್ಚು 5 ಮಿಲಿಮೀಟರಿಗೆ ತುಸು ಕಡಿಮೆ ಒಂದು ಪಕ್ಕಕ್ಕೆ ಸರಿಯಿತು. ಇದು ಅಲ್ಪವೆಂದು ತೋರಬಹುದು. ಆದರೆ ಎಡಚಕ್ರ 5 ಮಿಲಿಮೀಟರು ಹೊರಗೆ ಬಂದಾಗ ಬಲಚಕ್ರ ಅಷ್ಟೇ ಒಳಗೆ ಹೋಗುತ್ತದೆ. ಎರಡನ್ನೂ ಹೋಲಿಸಿ ನೋಡುವ ಕಣ್ಣಿಗೆ ವ್ಯತ್ಯಾಸ ಸುಮಾರು ಒಂದು ಸೆಂಟಿಮೀಟರು! ಅಗಲವಾದ ಟೈರು ಮಡ್‌ಗಾರ್ಡನ್ನು ಉಜ್ಜಲು ಇಷ್ಟು ಧಾರಾಳವಾಗಿ ಸಾಕು.

ಇಲ್ಲಿ ಯಾರದೂ ತಪ್ಪಿಲ್ಲ. ಚಕ್ರ ಮಾರಿದವನು ಮೋಸಮಾಡಿಲ್ಲ, ಸ್ಪ್ರಿಂಗು ಕೂಡಿಸಿದವನು ಎಡವಿಲ್ಲ. ರೇಖಾಗಣಿತ ತನ್ನ ಕೆಲಸವನ್ನು ತಾನು ಮಾಡಿದೆ.

ಕೊಳ್ಳುವ ಮೊದಲು ಅಳೆ

ಹಾಗೆಂದು ಪ್ರತಿಯೊಂದು ಸಂದರ್ಭದಲ್ಲಿಯೂ ಅಡ್ಡಸರಳೇ ಕಾರಣವೆಂದು ತೀರ್ಮಾನಿಸುವುದೂ ಆತುರವೇ. ಒಳ್ಳೆಯ ಮೇಸ್ತ್ರಿ ಸ್ಪ್ಯಾನರಿಗಿಂತ ಮೊದಲು ಅಳತೆಯ ಟೇಪನ್ನು ಕೈಗೆತ್ತಿಕೊಳ್ಳುತ್ತಾನೆ. ಅವನು ಅನುಸರಿಸುವ ಕ್ರಮ ಸರಳವಾದುದು. ಮನೆಯಂಗಳದಲ್ಲಿಯೂ ಬಹುಮಟ್ಟಿಗೆ ಮಾಡಿ ನೋಡಬಹುದಾದುದು.

ಮೊದಲನೆಯದಾಗಿ, ಕಾರು ಸಮನಾದ ನೆಲದ ಮೇಲೆ ನಿಂತಿರಬೇಕು. ನಾಲ್ಕು ಟೈರುಗಳ ಗಾಳಿಯೂ ನಿಗದಿಯಂತಿರಬೇಕು. ಜ್ಯಾಕಿನಿಂದ ಇಳಿಸಿದ ಕೂಡಲೇ ಅಳೆಯಕೂಡದು; ಆಗ ಟೈರುಗಳು ನೆಲವನ್ನು ಕಚ್ಚಿಕೊಂಡು ಅಚ್ಚನ್ನು ತಮ್ಮ ಸಹಜ ಸ್ಥಾನಕ್ಕೆ ಬರಗೊಡುವುದಿಲ್ಲ. ಕಾರನ್ನು ಕೆಲವು ಗಜ ಮುಂದಕ್ಕೂ ಹಿಂದಕ್ಕೂ ಉರುಳಿಸಿ, ಹಿಂಭಾಗವನ್ನು ಎರಡು ಮೂರು ಬಾರಿ ಒತ್ತಿಬಿಟ್ಟು ಅನಂತರ ಅಳೆಯಬೇಕು.

ಎರಡನೆಯದು ಚಕ್ರಗಳ ಅದಲುಬದಲು. ಎಡಗಡೆಯ ಚಕ್ರವನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿ ನೋಡಬೇಕು. ದೋಷ ಚಕ್ರದೊಡನೆ ಇನ್ನೊಂದು ಪಕ್ಕಕ್ಕೆ ಹೋದರೆ ಚಕ್ರವೇ ಅಪರಾಧಿ: ಎರಡರ ಅಗಲವೋ ಆಫ್‌ಸೆಟ್ಟೋ ಬೇರೆಯಾಗಿದೆ. ದೋಷ ಮೊದಲಿದ್ದ ಕಡೆಯಲ್ಲಿಯೇ ಉಳಿದರೆ ಚಕ್ರ ನಿರ್ದೋಷಿ. ಅಂಗಡಿಯವನೊಡನೆ ಜಗಳ ಹೂಡುವ ಮೊದಲು ಅರ್ಧ ಗಂಟೆಯ ಈ ಪರೀಕ್ಷೆಯನ್ನು ಮಾಡುವುದು ನ್ಯಾಯ.

ಮೂರನೆಯದು ತೂಕದ ಗುಂಡಿನ ಪರೀಕ್ಷೆ. ಗಾರೆಕೆಲಸದವರು ಗೋಡೆಗೆ ಹಿಡಿಯುವ ಗುಂಡಿನ ದಾರವನ್ನು ಮಡ್‌ಗಾರ್ಡಿನ ಅಂಚಿನಿಂದ, ಚಕ್ರದ ನೆತ್ತಿಯ ನೇರಕ್ಕೆ, ತೂಗುಬಿಡಬೇಕು. ದಾರಕ್ಕೂ ಚಕ್ರದ ಅಂಚಿಗೂ ಇರುವ ಅಂತರವನ್ನು ಎರಡು ಕಡೆಯೂ ಬರೆದುಕೊಳ್ಳಬೇಕು. ಆದರೆ ಮಡ್‌ಗಾರ್ಡು ತೆಳುವಾದ ತಗಡು. ಹಿಂದೆಂದೋ ಪೆಟ್ಟು ತಿಂದು ದುರಸ್ತಿಯಾಗಿದ್ದರೆ ಅದೇ ವಕ್ರವಾಗಿರಬಹುದು. ಆದಕಾರಣ ಅಡಿಯ ಚೌಕಟ್ಟಿನ ಗಟ್ಟಿಭಾಗದಿಂದ ಟೈರಿನ ಒಳಮೈಗೆ ಇರುವ ಅಂತರವನ್ನೂ ಎರಡು ಕಡೆ ಅಳೆಯಬೇಕು. ಎರಡು ಲೆಕ್ಕಗಳೂ ಒಂದೇ ಮಾತನ್ನು ಹೇಳಿದರೆ, ಒಂದು ಚಕ್ರ ಎಷ್ಟು ಹೊರಗೆ ಬಂದಿದೆಯೋ ಇನ್ನೊಂದು ಅಷ್ಟೇ ಒಳಗೆ ಹೋಗಿದ್ದರೆ, ಅಚ್ಚು ಸರಿದಿದೆಯೆಂಬುದು ನಿಶ್ಚಯ. ಒಂದೇ ಪಕ್ಕದಲ್ಲಿ ವ್ಯತ್ಯಾಸವಿದ್ದು ಇನ್ನೊಂದು ಪಕ್ಕ ಸರಿಯಾಗಿದ್ದರೆ ಕಾರಣವನ್ನು ಆ ಪಕ್ಕದ ಹಬ್ಬಿನಲ್ಲಿಯೋ ತಗಡಿನಲ್ಲಿಯೋ ಹುಡುಕಬೇಕು.

ನಾಲ್ಕನೆಯದು ಎತ್ತರ. ಒಂದು ಪಕ್ಕ ವಾಲಿದ್ದರೆ ಸ್ಪ್ರಿಂಗಿನ ತುದಿ ತನ್ನ ಗೂಡಿನಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ನೋಡಬೇಕು. ಇನ್ನೊಂದು ತಪ್ಪನ್ನು ಅನುಭವಿಗಳೂ ಮಾಡುವುದುಂಟು. ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ರಬ್ಬರು ಬುಷ್ಷುಗಳ ಬೋಲ್ಟುಗಳನ್ನು ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದಾಗ ಆ ರಬ್ಬರು ತಿರುಚಿಕೊಳ್ಳುತ್ತದೆ. ಮೈಯನ್ನು ಇಳಿಯಗೊಡದೆ ಮೇಲಕ್ಕೆ ತಳ್ಳುತ್ತದೆ, ಬೇಗನೆ ಹರಿದೂ ಹೋಗುತ್ತದೆ. ಆದುದರಿಂದ ಕಾರಿನ ಭಾರವೆಲ್ಲ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ.

ಏಡಿಯ ನಡಿಗೆ

ಐದನೆಯ ಅಳತೆ ಎಲ್ಲಕ್ಕಿಂತ ಮುಖ್ಯವಾದುದು. ಮುಂಚಕ್ರಗಳನ್ನು ನೇರವಾಗಿಟ್ಟು, ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗಿರುವ ದೂರವನ್ನು ಎಡಬಲಗಳಲ್ಲಿ ಅಳೆದು ಹೋಲಿಸಬೇಕು. ಇವು ಸಮವಿಲ್ಲದಿದ್ದರೆ ಅಚ್ಚು ಪಕ್ಕಕ್ಕೆ ಸರಿದಿರುವುದಷ್ಟೇ ಅಲ್ಲ, ಓರೆಯಾಗಿಯೂ ನಿಂತಿದೆ. ಅಚ್ಚನ್ನು ಮುಂದಿನಿಂದ ಹಿಡಿದಿರುವ ಉದ್ದ ತೋಳುಗಳಲ್ಲಿ ಒಂದು ಬಾಗಿರಬಹುದು; ಅದರ ಬುಷ್ಷು ಸವೆದಿರಬಹುದು. (ಇದಕ್ಕೂ ಅಪವಾದವುಂಟು. 1961ರಲ್ಲಿ ಬಂದ ರೆನೋ 4 ಎಂಬ ಫ್ರೆಂಚ್ ಕಾರಿನ ಎಡಬಲಗಳ ಈ ದೂರದಲ್ಲಿ ಹುಟ್ಟಿನಿಂದಲೇ 4-5 ಸೆಂಟಿಮೀಟರುಗಳ ವ್ಯತ್ಯಾಸವಿತ್ತು! ಅದರ ತಿರುಚು ಸ್ಪ್ರಿಂಗುಗಳನ್ನು ಒಂದರ ಹಿಂದೊಂದು ಅಡ್ಡಲಾಗಿ ಮಲಗಿಸಿದ್ದೇ ಕಾರಣ. ತಯಾರಕರ ಅಳತೆಯನ್ನು ತಿಳಿಯದೆ ದೋಷ ಹೇಳಬಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.)

ಪಕ್ಕಕ್ಕೆ ಸರಿದ ಅಚ್ಚು ಟೈರನ್ನು ಉಜ್ಜಬಹುದು. ಓರೆಯಾದ ಅಚ್ಚು ಕಾರಿನ ದಾರಿಯನ್ನೇ ಕೆಡಿಸುತ್ತದೆ. ಹಿಂಚಕ್ರಗಳು ಒಂದು ದಿಕ್ಕಿಗೆ ನೂಕುತ್ತಿರಲು, ಚಾಲಕನು ಸ್ಟಿಯರಿಂಗನ್ನು ಸದಾ ತುಸು ತಿರುಗಿಸಿ ಹಿಡಿದೇ ನೇರವಾಗಿ ಹೋಗಬೇಕಾಗುತ್ತದೆ. ಕಾರು ಏಡಿಯಂತೆ ಅಡ್ಡಡ್ಡಲಾಗಿ ನಡೆಯುತ್ತದೆ. ಮುಂಚಕ್ರಗಳನ್ನು ಮಾತ್ರ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಇದು ವಾಸಿಯಾಗದು. ಹಿಂದಿನದನ್ನು ಮೊದಲು ನೋಡಿ, ಅದು ತೋರುವ ದಿಕ್ಕಿಗೆ ಮುಂದಿನದನ್ನು ಹೊಂದಿಸಬೇಕು. ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಎಂಬುದರ ಅರ್ಥವೇ ಇದು.

ಚಕ್ರ ತನ್ನ ದಾರಿಯಿಂದ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೆ ಆಗುವ ನಷ್ಟವನ್ನು ಲೆಕ್ಕಹಾಕಿ ನೋಡಬಹುದು. ಒಂದು ಕಿಲೋಮೀಟರು ಮುಂದೆ ಹೋಗುವಷ್ಟರಲ್ಲಿ ಅದು ಸುಮಾರು 17 ಮೀಟರು ಅಡ್ಡಲಾಗಿ ಎಳೆಯಲ್ಪಡುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರುವ ದೂರಕ್ಕೆ ಇದನ್ನು ಗುಣಿಸಿದರೆ ರಬ್ಬರು ಏಕೆ ಉಳಿಯುವುದಿಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ.

ಅಖಂಡ ಅಚ್ಚಿಲ್ಲದ ಕಾರುಗಳು

ಹಿಂಚಕ್ರಗಳೆರಡೂ ಬೇರೆ ಬೇರೆಯಾಗಿ ಆಡುವ ಕಾರುಗಳಲ್ಲಿ ಅಡ್ಡಸರಳಿನ ತಕರಾರು ಇರುವುದಿಲ್ಲ. ಬೇರೆ ತಕರಾರು ಇರುತ್ತದೆ. ಇಂತಹವನ್ನು ತಗ್ಗಿಸಿದಾಗ ಸಾಮಾನ್ಯವಾಗಿ ಚಕ್ರಗಳ ನೆತ್ತಿ ಒಳಕ್ಕೆ ವಾಲುತ್ತದೆ. ಇದನ್ನೇ ಕ್ಯಾಂಬರ್ ಎನ್ನುವರು. ಜೊತೆಗೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗುವುದುಂಟು, ಅದು ಟೋ. ಎರಡು ಕಡೆಯೂ ಸಮನಾಗಿ ವಾಲಿದ್ದರೆ ಅದು ತಗ್ಗಿಸಿದ್ದರ ಫಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಿದ್ದರೆ ಬಾಗಿದ ತೋಳು, ಸವೆದ ಬುಷ್ಷು, ಇಲ್ಲವೆ ಪಕ್ಕಕ್ಕೆ ಸರಿದು ಕುಳಿತ ಅಡಿಚೌಕಟ್ಟು ಎಂದು ಸಂಶಯಿಸಬೇಕು.

ಇಂದಿನ ಅನೇಕ ಸಣ್ಣ ಕಾರುಗಳ ಹಿಂದೆ ಇರುವುದು ಮೂರನೆಯ ಬಗೆ: ಎರಡು ತೋಳುಗಳನ್ನು ಕೂಡಿಸಿದ, ತಿರುಚಿಕೊಳ್ಳಬಲ್ಲ ಒಂದೇ ಉಕ್ಕಿನ ತೊಲೆ. ಸ್ವಿಫ್ಟ್ ಕಾರಿನದು ಇದೇ ಬಗೆ. 2019ರಲ್ಲಿ ಬಂದ ಹೊಸ ವ್ಯಾಗನ್ ಆರ್‌ನದೂ ಇದೇ. ಇಲ್ಲಿ ಸಾಮಾನ್ಯವಾಗಿ ತಿರುಗಿಸಿ ಸರಿಪಡಿಸುವ ತಿರುಪು ಯಾವುದೂ ಇರುವುದಿಲ್ಲ. ಒಂದು ಚಕ್ರ ಮಾತ್ರ ಓರೆಯಾಗಿದ್ದರೆ ತೊಲೆಯೇ ಪೆಟ್ಟು ತಿಂದು ಬಾಗಿದೆಯೇ ಎಂದು ಮೊದಲು ಪರೀಕ್ಷಿಸತಕ್ಕದ್ದು.

ಚಿಕಿತ್ಸೆ

ಅಂಗಳದಲ್ಲಿ ನಿಂತ ಕಾರಿನ ಅಚ್ಚು ಸರಿದಿದೆ, ಓರೆಯಾಗಿಲ್ಲ ಎಂದು ಅಳತೆ ಹೇಳಿದರೆ ಚಿಕಿತ್ಸೆ ಕಷ್ಟವಲ್ಲ. ಮೂಲ ಸರಳನ್ನು ತೆಗೆದು, ಉದ್ದವನ್ನು ಹೆಚ್ಚುಕಡಿಮೆ ಮಾಡಬಹುದಾದ ತಿರುಪಿನ ಸರಳನ್ನು ಹಾಕುತ್ತಾರೆ. ಮೇಲಿನ ಉದಾಹರಣೆಯಲ್ಲಿ ಸರಳು ಅಚ್ಚನ್ನು ಹೊರಕ್ಕೆ ತಳ್ಳಿದೆ. ಆದುದರಿಂದ ಅದನ್ನು ಸುಮಾರು 5 ಮಿಲಿಮೀಟರು ಗಿಡ್ಡಮಾಡಬೇಕು. ಸರಳು ಮೊದಲೇ ಸಮತಲಕ್ಕೆ ಬಂದಿದ್ದು ಇನ್ನೂ ಇಳಿದಿದ್ದರೆ ಅಚ್ಚು ಒಳಕ್ಕೆ ಎಳೆಯಲ್ಪಟ್ಟಿರುತ್ತದೆ, ಆಗ ಉದ್ದಮಾಡಬೇಕು. ಈ ಹೊಂದಾಣಿಕೆಯನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಮಾಡಿ, ಲಾಕ್ ನಟ್ಟುಗಳನ್ನು ಬಿಗಿದು, ಕೆಲವು ಮೈಲಿ ಓಡಿಸಿ ಬಂದು ಇನ್ನೊಮ್ಮೆ ಅಳೆಯುವುದು ಉಚಿತ.

ಸರಳನ್ನು ಎಷ್ಟೇ ತಿದ್ದಿದರೂ ಅದರ ತುದಿ ಬಾಗಿದ ದಾರಿಯಲ್ಲಿಯೇ ನಡೆಯುತ್ತದೆಂಬುದು ಉಳಿದೇ ಇರುತ್ತದೆ. ಇದಕ್ಕೂ ಉತ್ತರವುಂಟು. ಉಗಿಯಂತ್ರದ ಜೇಮ್ಸ್ ವಾಟ್ 1784ರಲ್ಲಿ, ಬಾಗಿದ ಚಲನೆಯನ್ನು ಬಹುತೇಕ ನೇರವಾಗಿಸುವ ಕೀಲುಸರಳುಗಳ ಜೋಡಣೆಯೊಂದನ್ನು ಕಂಡುಹಿಡಿದನು. ತನ್ನ ಇತರ ಸಾಧನೆಗಳಿಗಿಂತ ಇದರ ಬಗ್ಗೆಯೇ ತನಗೆ ಹೆಚ್ಚು ಹೆಮ್ಮೆಯೆಂದು ಮುಪ್ಪಿನಲ್ಲಿ ಅವನು ಮಗನಿಗೆ ಬರೆದನಂತೆ. ಎರಡು ಶತಮಾನಗಳನ್ನು ದಾಟಿದ ಆ ಜೋಡಣೆ, 2022ರಲ್ಲಿ ಬಂದ ಮಹೀಂದ್ರ ಸ್ಕಾರ್ಪಿಯೋ-ಎನ್ ಗಾಡಿಯ ಹಿಂದಿನ ಅಚ್ಚನ್ನು ನಡುವೆ ಹಿಡಿದು ನಿಲ್ಲಿಸಿದೆ!

ಮರೆಸುವುದು ಮದ್ದಲ್ಲ

ಇನ್ನು ಆ ಸ್ಪೇಸರ್ ಬಿಲ್ಲೆಯ ಉಪಾಯ. ಬಿಲ್ಲೆಯನ್ನು ಹಾಕಿದರೆ ಒಳಗೆ ಹೋಗಿದ್ದ ಚಕ್ರ ಹೊರಕ್ಕೆ ಬರುತ್ತದೆ, ನಿಜ. ಕಣ್ಣಿಗೆ ಎರಡೂ ಸಮ. ಆದರೆ ಸರಿದ ಅಚ್ಚು ಸರಿದ ಕಡೆಯೇ ಇದೆ. ಮೊದಲೇ ಹೊರಬಂದಿದ್ದ ಎಡಚಕ್ರ ಈಗಲೂ ಮಡ್‌ಗಾರ್ಡಿನ ಅಂಚಿನಲ್ಲಿಯೇ ಇದೆ. ಅದರ ಮೇಲೆ, ಬಿಲ್ಲೆಯ ದಪ್ಪದಷ್ಟು ಚಕ್ರದ ಬೋಲ್ಟಿನ ಹಿಡಿತ ಕಡಿಮೆಯಾಗಿದೆ. ಒಬ್ಬನೇ ಕುಳಿತು ಓಡಿಸುವಾಗ ಯಾವ ತೊಂದರೆಯೂ ಕಾಣದಿರಬಹುದು. ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ರಸ್ತೆಯುಬ್ಬಿನ ಮೇಲೆ ಕಾರು ಧೊಪ್ಪನೆ ಕುಸಿದಾಗ ತಗಡಿನ ಅಂಚು ಟೈರಿನ ಪಕ್ಕೆಯನ್ನು ಕೊಯ್ಯುತ್ತದೆ. ಖಾಲಿ ಕಾರಿನಲ್ಲಿ ನಡೆಸಿದ ಪರೀಕ್ಷೆ ತುಂಬಿದ ಕಾರಿಗೆ ಸಾಕ್ಷಿಯಾಗಲಾರದು.

ಕಾನೂನಿನ ಮಾತೂ ಇದೆ. ತಗ್ಗಿಸುವ ಹವ್ಯಾಸ ಬೆಳೆದ ಜಪಾನಿನಲ್ಲಿಯೇ ನಿಯತಕಾಲದ ತಪಾಸಣೆಯಲ್ಲಿ ಕಾರಿನ ಅಡಿ ನೆಲದಿಂದ 9 ಸೆಂಟಿಮೀಟರು ಮೇಲಿದೆಯೇ ಎಂದು ಅಳೆಯುತ್ತಾರೆ. ಭಾರತದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದವುಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಸ್ಪ್ರಿಂಗಿಗೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಕಲ್ಪಿಸಿಕೊಂಡ ಆ ಮನೆಗೆ ಮತ್ತೆ ಮರಳೋಣ. ಮಗ ಅಂಗಡಿಗೆ ಹೊರಟು ನಿಂತಿದ್ದಾನೆ. ಬೀದಿಯ ತಿರುವಿನಲ್ಲಿರುವ ಗ್ಯಾರೇಜಿನ ಹಿರಿಯ ಮೇಸ್ತ್ರಿ ಅವನನ್ನು ತಡೆದು, ಪಕ್ಕದಲ್ಲಿ ನಡೆಯುತ್ತಿದ್ದ ಮನೆಕಟ್ಟಡದಿಂದ ತೂಕದ ಗುಂಡನ್ನು ತರಿಸುತ್ತಾನೆ. ದಾರ ತೂಗಿ, ತೂಗಿ, ನಿಶ್ಚಲವಾಗುತ್ತದೆ. ಎಡಕ್ಕೆ ಒಂದು ಲೆಕ್ಕ, ಬಲಕ್ಕೆ ಒಂದು ಲೆಕ್ಕ. ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ತಂದೆ ಎರಡನ್ನೂ ಬರೆದುಕೊಳ್ಳುತ್ತಾರೆ.

“ಚಕ್ರದ್ದೇನೂ ತಪ್ಪಿಲ್ಲ ಸಾರ್, ಅಚ್ಚು ಸರಿದಿದೆ. ರಾಡು ಬದಲಾಯಿಸಿ ನಡುವಿಗೆ ತರೋಣ. ಅಲ್ಲೀವರೆಗೂ ಹಿಂದುಗಡೆ ಜನ ಕೂರಿಸಿಕೊಂಡು ದೂರ ಹೋಗಬೇಡಿ.”

ಆ ಭಾನುವಾರ ಮೇಲುಕೋಟೆಗೆ ಹೋಗುವವರು ಬಸ್ಸಿನಲ್ಲಿ ಹೋಗುತ್ತಾರೆ. ಅಜ್ಜಿಗೆ ಕಿಟಕಿಯ ಪಕ್ಕದ ಸೀಟು.